ಗಾದಿಲಿಂಗ ಬಾರದ ಭಾನುವಾರ

ಕರೆಂಟು ಹೋದಾಗ ಮಾತ್ರ ನಮ್ಮ ಶೆಡ್ಡಿನಲ್ಲಿ ಮಾತು ಕೇಳಿಸುತ್ತದೆ.
ಇಪ್ಪತ್ತೆರಡು ಮಿಷನ್ನು ಒಮ್ಮೆಗೇ ಉಸಿರು ಬಿಟ್ಟು
ಅರ್ಧ ಹೊಲಿದ ಜೀನ್ಸಿನ ಕಾಲು ಸೂಜಿಯಡಿ ಸಿಕ್ಕಿಕೊಂಡು
ಕೌಲ್ ಬಜಾರಿನ ಬಿಸಿಲು ತಗಡು ದಾಟಿ ಒಳಗೆ ಬಂದು ಕೂತರೆ
ಶುರು, ತೋರಣಗಲ್ಲಿನವರ ಸುದ್ದಿ.

‘ಟೀಮಾ ಅದು? ಗಾದಿಲಿಂಗ, ಮತ್ತೆ ಹತ್ತು ಮಂದಿ ಬೀಗರು’
ಅಂತಾನೆ ಸುಂಕಣ್ಣ, ಓವರ್‌ಲಾಕಿನ ಮೇಲೆ ಕಾಲು ಚಾಚಿ.
‘ಬಾಲು ಅವನ ಕಾಲಿಗೆ ಮುಟ್ಟಿಸೋದೊಂದೇ ಅವರ ಕಸುಬು.
ಅವನನ್ನ ತೆಗಿ, ಜಿಪ್ಪಿಲ್ಲದ ಪ್ಯಾಂಟು. ಊರೆಲ್ಲ ನಗಬೇಕು.’

ಜಿಪ್ಪು ಕೂಡಿಸುವ ದಾದಾ ಖಲಂದರ್‌ಗೆ ತಡೆಯಲಿಲ್ಲ.
‘ಬರೇ ಜಿಪ್ಪು ಉಟ್ಕೊಂಡು ಯಾವನಾದ್ರೂ ಓಡಾಡ್ತಾನೇನಲೇ?
ಹೋದ ಸಾರಿ ಆ ಮೂರು ಗೋಲಿಗೆ ಬಾಲು ಕೊಟ್ಟವರ್ಯಾರು,
ನಿಮ್ಮ ಮಾವನಾ?’

ಒಗ್ಗಾಣಿ ಪೊಟ್ಟಣ ಬಿಚ್ಚುತ್ತವೆ, ಮಿರ್ಚಿ ಆರುತ್ತದೆ,
ನೀಲಿ ಹತ್ತಿದ ಬೆರಳುಗಳು ಗಾಳಿಯಲ್ಲಿ ಗೋಲು ಹೊಡೆಯುತ್ತವೆ.
ಕರೆಂಟು ಬರುತ್ತದೆ.
ಯಾರ ಮಾತು ಎಲ್ಲಿಗೆ ನಿಂತಿತೋ ಅಲ್ಲೇ ಹೊಲಿಗೆ ಬಿತ್ತು.

ನಾನು ದಾರ ಕತ್ತರಿಸುವವಳು.
ಹೊರಗೆ ಇಣುಕಿದ್ದೆಲ್ಲ ನನ್ನ ಪಾಲು, ಪೀಸಿಗೆ ಮುಕ್ಕಾಲು ರೂಪಾಯಿ.
ಈ ವಾದದಲ್ಲಿ ನನ್ನನ್ನು ಯಾರೂ ಕೇಳಿದವರಲ್ಲ.
ಆದರೆ ಆ ಗಾದಿಲಿಂಗನನ್ನು ಹಿಡಿಯುವ ಕೆಲಸ ಮೂರು ವರ್ಷದಿಂದ
ನನ್ನ ತಮ್ಮ ಹೊನ್ನೂರನದು.
ಮನೆಯಲ್ಲಿ ತಟ್ಟೆಯ ಅಂಚಿಗೆ ಉಪ್ಪಿನಕಾಯಿ ಹೋಳಿಟ್ಟು
‘ಇದು ನಾನು, ಇದು ಅವನು’ ಅಂತ ತೋರಿಸುತ್ತಾನೆ.
ಎಡಗಾಲು ಸುಳ್ಳು ಹೇಳ್ತದಂತೆ, ಬಲಗಾಲು ಒಪ್ಪಿಕೊಳ್ತದಂತೆ,
ಓಡೋ ಮುಂಚೆ ಒಂದು ಸಾರಿ ಮೂಗು ಒರೆಸ್ಕೊಳ್ತಾನಂತೆ.
ಕಟ್ಟಿಕೊಂಡ ಹೆಂಡತಿಯ ಬಗ್ಗೆ ಇಷ್ಟು ತಿಳಿದಿಲ್ಲ ಅವನಿಗೆ.

ಆ ಭಾನುವಾರ ಗಾದಿಲಿಂಗ ಬರಲೇ ಇಲ್ಲ.
ಬೈಕಿನಿಂದ ಬಿದ್ದ ಅಂದರು, ನೈಟ್ ಶಿಫ್ಟು ಅಂದರು,
ಹೆಣ್ಣು ನೋಡೋಕೆ ಕಂಪ್ಲಿಗೆ ಹೋದ ಅಂದರು.
ಗ್ಯಾಲರಿಯಲ್ಲಿ ಸುಂಕಣ್ಣ ಆಗಲೇ ಪೇಡಾ ಹಂಚಿದ.
ಅಷ್ಟು ದೂರದಿಂದಲೂ ನನಗೆ ಕಂಡದ್ದು ಒಂದೇ:
ಹೊನ್ನೂರ ಯಾರ ಪಕ್ಕ ನಿಲ್ಲಬೇಕೋ ತಿಳಿಯದೆ
ಮೈದಾನದ ನಡುವೆ, ಬಸ್ಸು ತಪ್ಪಿದವನ ಹಾಗೆ.

ಎಂಬತ್ತನೇ ನಿಮಿಷ. ಹದಿನೇಳರ ಒಂದು ಪೋರ,
ಕಾಲುಚೀಲ ಒಂದು ಮೇಲೆ ಒಂದು ಕೆಳಗೆ,
ಹೆಸರು ಅವರ ಕಡೆಯವರಿಗೇ ಸರಿಯಾಗಿ ಗೊತ್ತಿಲ್ಲ,
ತಮ್ಮನ ಪಕ್ಕದಲ್ಲೇ ನಡೆದು ಹೋದ ಹಾಗೆ ಹೋಗಿ
ಒಳಗೆ ತಳ್ಳಿದ.
ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬಂತು
ತೋರಣಗಲ್ಲಿನವರ ಕೂಗು.

ಸೋಮವಾರ ಹನ್ನೊಂದಕ್ಕೆ ಕರೆಂಟು ಹೋಯಿತು.
ಯಾರೂ ಬಾಯಿ ಬಿಡಲಿಲ್ಲ.
ಬಾಬಿನ್ನಿಗೆ ಕೈಯಲ್ಲೇ ದಾರ ಸುತ್ತುತ್ತ ಕಡೆಗೆ ಸುಂಕಣ್ಣನೇ:
‘ಅವನು ಬಂದಿದ್ರೆ ಗೆಲ್ತಿದ್ವಿ ನೋಡು.’
ದಾದಾ ಖಲಂದರ್ ಅವತ್ತೊಂದು ದಿನ ಎದುರಾಡಲಿಲ್ಲ.

ಸಂಜೆ ಶೆಡ್ಡಿನ ಬಾಗಿಲಿಗೆ ಹೊನ್ನೂರ ಬಂದು ನಿಂತ.
ಬೈಕಿನ ಸುದ್ದಿಯೇ ನಿಜವಂತೆ, ತೊಡೆವರೆಗೂ ಪಟ್ಟಿಯಂತೆ,
ನೋಡಿಕೊಂಡು ಬಂದನಂತೆ.
‘ಒಂದು ಕಾಲು ಅಗಲ ಇರೋ ಪ್ಯಾಂಟು ಹೊಲಿತಾರೇನಕ್ಕ?
ಪಾಪ, ಲುಂಗಿಯಾಗೆ ಕುಂತಾನೆ.’

ನಾನು ಸುಂಕಣ್ಣನ ಕಡೆ ನೋಡಿದೆ. ಅವನು ಬಟ್ಟೆಯ ಕಡೆ.
‘ಅಳತೆ ಎಲ್ಲೈತೆ?’ ಅಂದ, ಬೈಯುವ ದನಿಯಲ್ಲೇ.
ಟೇಪಿಲ್ಲ, ಚೀಟಿಯಿಲ್ಲ. ಹೊನ್ನೂರ ಕಣ್ಣು ಮುಚ್ಚಿದ:
‘ಸೊಂಟ ಮೂವತ್ತು.
ಉದ್ದ ನನ್ನದಕ್ಕಿಂತ ಒಂದಿಂಚು ಕಮ್ಮಿ.’
‘ಅಗಲ ಯಾವ ಕಾಲು?’
‘ಎಡ. ಸುಳ್ಳು ಹೇಳೋದು.’